ಪಯಣಕ್ಕೆ ಮುಂಚಿನ ಪಯಣ

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತನ್ನು ನಮ್ಮ ಜನ ಆಗಾಗ ಆಡುವುದುಂಟು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚಿದ ಹುಡುಗನಿಗೂ, ಬೀಗರು ಬಾಗಿಲಿಗೆ ಬಂದ ಮೇಲೆ ಸೌದೆ ಹುಡುಕಲು ಹೊರಟ ಗೃಹಸ್ಥನಿಗೂ ಈ ಮಾತು ಸಮನಾಗಿ ಸಲ್ಲುತ್ತದೆ. ಆದರೆ ಚರಿತ್ರೆ ಬರೆಯತಕ್ಕವರು ಶಸ್ತ್ರಾಭ್ಯಾಸದ ಕಡೆಗೆ ಅಷ್ಟಾಗಿ ಕಣ್ಣು ಹಾಯಿಸುವುದಿಲ್ಲ. ಅವರಿಗೆ ಬೇಕಾದದ್ದು ಯುದ್ಧ. ದೊಡ್ಡ ಪಯಣಗಳ ವಿಷಯದಲ್ಲಿಯೂ ಹೀಗೆಯೇ. ಇಂಥ ದಿನ ಹೊರಟರು, ಇಷ್ಟು ಮೈಲಿ ಹೋದರು, ಇಂಥ ಊರು ಸೇರಿದರು ಎಂಬುದು ಕಾಗದದ ಮೇಲೆ ಉಳಿಯುತ್ತದೆ. ಹೊರಡುವುದಕ್ಕೆ ಮುಂಚೆ ಅವರು ತಮ್ಮ ಊರಿನ ಸುತ್ತ ನಡೆದದ್ದು, ತುಳಿದದ್ದು, ಬಿದ್ದದ್ದು, ಎದ್ದದ್ದು ಯಾರಿಗೂ ನೆನಪಿರುವುದಿಲ್ಲ.

ಬೈಸಿಕಲ್ಲಿನ ಮೇಲೆ ಸಾವಿರಾರು ಮೈಲಿ ಹೋದವರ ಕತೆಗಳನ್ನು ಓದುತ್ತ ಬಂದಂತೆ ಈ ಕೊರತೆ ನನಗೆ ಎದ್ದು ಕಂಡಿತು. ದೂರದ ಪಯಣವೊಂದು ಗೆಲ್ಲುವುದೋ ಸೋಲುವುದೋ ಎಂಬುದು ಹೊರಟ ದಿನಕ್ಕೆ ಮುಂಚೆಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಎಣಿಕೆ. ಅಮೆರಿಕದ ಮೊಂಟಾನ ಸೀಮೆಯಲ್ಲಿ 1896 ಮತ್ತು 1897ರಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ಒಳ್ಳೆಯ ದೃಷ್ಟಾಂತ. ಆ ಪಯಣದ ಕತೆಯನ್ನು ಅದರ ಹಿಂಬಾಗಿಲಿನಿಂದ, ಅಂದರೆ ಅಭ್ಯಾಸದ ಕಡೆಯಿಂದ, ವಾಚಕರ ಮುಂದೆ ಇಡಬೇಕೆಂದಿದ್ದೇನೆ.

ಅದಕ್ಕೆ ಮೊದಲು, ಅಭ್ಯಾಸವನ್ನು ದಾರಿಯಲ್ಲಿಯೇ ಮಾಡಿಕೊಂಡ ಇಬ್ಬರನ್ನು ನೆನೆಯುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಥಾಮಸ್ ಸ್ಟೀವನ್ಸ್ 1884ರ ಏಪ್ರಿಲ್ 22ರಂದು ಪಶ್ಚಿಮ ಕರಾವಳಿಯ ಸಾನ್‌ಫ್ರಾನ್ಸಿಸ್ಕೋ ಬಳಿಯಿಂದ ಹೊರಟ. ಇಂದಿನ ಸೈಕಲ್ ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಆತ ಏರಿದ್ದು 50 ಅಂಗುಲದ ದೊಡ್ಡ ಮುಂಗಾಲಿ, ಹಿಂದೊಂದು ಪುಟ್ಟ ಗಾಲಿ ಇದ್ದ ಹಳೆಯ ಮಾದರಿಯ ಬಂಡಿ. ಸುಮಾರು 3,700 ಮೈಲಿ ದೂರದ ಬೋಸ್ಟನ್ ಸೇರಲು ನೂರು ದಿನಗಳ ಮೇಲೆ ಹಿಡಿಯಿತು. ಆ ದಾರಿಯಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚನ್ನು ಆತ ನಡೆದೇ ಸವೆಸಬೇಕಾಯಿತು. ಆ ನಡಿಗೆಯೇ ಅವನಿಗೆ ಗುರುವಾಯಿತೆಂದು ತೋರುತ್ತದೆ. ಮುಂದೆ ಯೂರೋಪು, ತುರ್ಕಿ, ಪರ್ಷಿಯ, ನಮ್ಮ ಲಾಹೋರ್–ಕಲ್ಕತ್ತ ಹೆದ್ದಾರಿ, ಚೀನ ಎಲ್ಲವನ್ನೂ ಹಾದು 1886ರ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮದಲ್ಲಿ ತನ್ನ ಭೂಪ್ರದಕ್ಷಿಣೆಯನ್ನು ಮುಗಿಸಿದ.

ಎರಡನೆಯವಳು ಆನಿ ಲಂಡನ್‌ಡೆರಿ ಎಂಬ ಹೆಸರಿನಿಂದ ಪ್ರಸಿದ್ಧಳಾದ, ಮೂರು ಮಕ್ಕಳ ತಾಯಿ. 1894ರ ಜೂನ್ ತಿಂಗಳಲ್ಲಿ 42 ಪೌಂಡ್ ತೂಕದ ಹೆಂಗಸರ ಸೈಕಲ್ ಏರಿ, ಕಾಲಿಗೆ ತೊಡರುವ ಉದ್ದ ಲಂಗವನ್ನು ಉಟ್ಟು ಬೋಸ್ಟನ್ನಿನಿಂದ ಹೊರಟಳು. ಷಿಕಾಗೋ ಸೇರುವಷ್ಟರಲ್ಲಿ ಆಕೆಗೆ ತಿಳಿಯಬೇಕಾದದ್ದೆಲ್ಲ ತಿಳಿದಿತ್ತು. ಅಲ್ಲಿ ಭಾರದ ಸೈಕಲ್ಲನ್ನು ಬಿಟ್ಟು 21 ಪೌಂಡಿನ ಗಂಡಸರ ಸೈಕಲ್ ಹಿಡಿದಳು. ಲಂಗ ಬಿಟ್ಟು ಷರಾಯಿ ತೊಟ್ಟಳು. ಬಂದ ದಾರಿಯಲ್ಲಿ ಪೂರ್ವಕ್ಕೆ ತಿರುಗಿ ಹಡಗು ಹಿಡಿದಳು. ಷಿಕಾಗೋವರೆಗಿನ ತಿಂಗಳುಗಳನ್ನು ಆಕೆಯ ಅಭ್ಯಾಸ ಎಂದು ಕರೆದರೆ ತಪ್ಪೇನೂ ಇಲ್ಲ.

ಒಂಟಿ ಸವಾರನಿಗೆ ಈ ರೀತಿ ನಡೆದೀತು. ಕಲಿಕೆಯ ಕಷ್ಟವೆಲ್ಲ ಅವನದೇ ಮೈಮೇಲೆ. ಆದರೆ ಇಪ್ಪತ್ತು ಜನರನ್ನು ಕಟ್ಟಿಕೊಂಡು ಹೊರಡತಕ್ಕವನಿಗೆ ಹಾಗಲ್ಲ. ಒಬ್ಬನ ಚೈನು ತುಂಡಾದರೆ ಇಪ್ಪತ್ತು ಜನ ನಿಲ್ಲಬೇಕು. ಒಬ್ಬ ಕೆಟ್ಟ ನೀರು ಕುಡಿದು ಮಲಗಿದರೆ ಇಪ್ಪತ್ತು ಜನರ ಲೆಕ್ಕ ತಪ್ಪುತ್ತದೆ. ಈ ಸತ್ಯವನ್ನು ಚೆನ್ನಾಗಿ ಅರಿತುಕೊಂಡವನು ಜೇಮ್ಸ್ ಮಾಸ್ ಎಂಬ ಲೆಫ್ಟಿನೆಂಟ್.

ಮಾಸ್ ಲೂಯಿಸಿಯಾನದವನು. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ 1894ರಲ್ಲಿ ತೇರ್ಗಡೆಯಾದ, ತನ್ನ ತರಗತಿಯ ಕಟ್ಟಕಡೆಯ ಸ್ಥಾನದಲ್ಲಿ. ಕಡೆಯವನಾಗಿ ಬಂದವನಿಗೆ ಬೇಕಾದ ಠಾಣೆಯನ್ನು ಆರಿಸಿಕೊಳ್ಳುವ ಭಾಗ್ಯವೆಲ್ಲಿಯದು? ಅವನು ಸೇರಿದ್ದು 25ನೆಯ ಕಾಲಾಳು ಪಟಾಲಮನ್ನು. ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಕಪ್ಪು ವರ್ಣದ ಸಿಪಾಯಿಗಳಿಗಾಗಿಯೇ ಉಳಿಸಿಕೊಂಡಿದ್ದ ನಾಲ್ಕು ಪಟಾಲಮುಗಳಲ್ಲಿ ಅದೊಂದು. ಸಿಪಾಯಿಗಳು ಕಪ್ಪು ಜನ. ಅಧಿಕಾರಿಗಳು, ಒಬ್ಬಿಬ್ಬರ ಹೊರತು, ಬಿಳಿಯರು. 1888ರಿಂದ ಈ ಪಟಾಲಮಿನ ಕೆಲವು ಕಂಪನಿಗಳು ರಾಕಿ ಪರ್ವತಗಳ ನಡುವಿನ ಮಿಸೂಲ ಕೋಟೆಯಲ್ಲಿ ಬೀಡುಬಿಟ್ಟಿದ್ದವು.

ಆ ವರ್ಷಗಳಲ್ಲಿ ಅಮೆರಿಕದಲ್ಲೆಲ್ಲ ಸೈಕಲ್ಲಿನ ಹುಚ್ಚು ಹಬ್ಬಿತ್ತು. ಎರಡು ಸಮನಾದ ಗಾಲಿ, ಗಾಳಿ ತುಂಬಿದ ಟೈರು ಬಂದು ಸವಾರಿ ಎಲ್ಲರಿಗೂ ಎಟುಕುವಂತಾಗಿತ್ತು. ಯೂರೋಪಿನ ಸೈನ್ಯಗಳು ಸೈಕಲ್ ದಳಗಳನ್ನು ಕಟ್ಟಿ ನೋಡುತ್ತಿದ್ದವು. ಅಮೆರಿಕದ ಸೈನ್ಯದ ಮುಖ್ಯಸ್ಥನಾಗಿದ್ದ ಜನರಲ್ ನೆಲ್ಸನ್ ಮೈಲ್ಸ್‌ಗೂ ಈ ಬಂಡಿಯ ಮೇಲೆ ನಂಬಿಕೆಯಿತ್ತು. ಮಾಸ್‌ನ ವಾದ ಸರಳವಾದದ್ದು. ಕುದುರೆಗೆ ಹುಲ್ಲು ಬೇಕು, ನೀರು ಬೇಕು, ಆರೈಕೆ ಬೇಕು. ಸೈಕಲ್ಲಿಗೆ ಇವು ಬೇಡ. ಅದು ಕೆನೆಯುವುದಿಲ್ಲ, ಧೂಳನ್ನು ಹೆಚ್ಚಾಗಿ ಎಬ್ಬಿಸುವುದಿಲ್ಲ, ದೂರದಿಂದ ಶತ್ರುವಿನ ಕಣ್ಣಿಗೆ ಬೀಳುವುದಿಲ್ಲ. ವಾದವೇನೋ ಸರಿ. ಆದರೆ ರಸ್ತೆಯೇ ಇಲ್ಲದ ಬೆಟ್ಟದ ಸೀಮೆಯಲ್ಲಿ, ಹೇರು ಹೊತ್ತ ಸೈಕಲ್ ನಡೆದೀತೆ? ಇದನ್ನು ಮಾತಿನಿಂದ ಸಾಧಿಸುವಂತಿರಲಿಲ್ಲ, ತುಳಿದೇ ತೋರಿಸಬೇಕಾಗಿತ್ತು.

1896ರ ಬೇಸಗೆಯಲ್ಲಿ ಅವನಿಗೆ ಅಪ್ಪಣೆ ಸಿಕ್ಕಿತು. ಸ್ಪಾಲ್ಡಿಂಗ್ ಕಂಪನಿಯವರು ಸೈಕಲ್ಲುಗಳನ್ನು ಬಿಟ್ಟಿಯಾಗಿ ಒದಗಿಸಿದರು. ಎಂಟು ಜನ ಸಿಪಾಯಿಗಳ ಪುಟ್ಟ ತಂಡ. ಅವರಲ್ಲಿ ಜಾನ್ ಫಿಂಡ್ಲಿ ಎಂಬಾತ ಮೊದಲು ಷಿಕಾಗೋವಿನ ಸೈಕಲ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದ್ದವನು. ರಿಪೇರಿಯ ಹೊಣೆ ಅವನ ಹೆಗಲಿಗೆ ಬಿತ್ತು.

ಮೊದಲನೆಯ ಪಾಠ ಕೋಟೆಯ ಸುತ್ತಮುತ್ತಲೇ ನಡೆಯಿತು. ದಿನಕ್ಕೆ 15ರಿಂದ 40 ಮೈಲಿವರೆಗೆ ಸವಾರಿ. ಬರಿಯ ಸವಾರಿಯಲ್ಲ, ಸಾಲು ಕಟ್ಟುವುದು, ಏರುವುದು, ಇಳಿಯುವುದು ಎಲ್ಲವೂ ಕವಾಯತಿನಂತೆ. ಒಂಬತ್ತು ಅಡಿ ಎತ್ತರದ ಬೇಲಿಯನ್ನು ಸೈಕಲ್ಲಿನ ಸಮೇತ 20 ಸೆಕೆಂಡಿನಲ್ಲಿ ದಾಟುವುದನ್ನು ಅವರು ಕಲಿತರು. ಹಳ್ಳ ಹೊಳೆ ದಾಟುವುದನ್ನು ಕಲಿತರು: ನೀರು ಕಡಿಮೆಯಿದ್ದರೆ ಇಳಿದು ಉರುಳಿಸಿಕೊಂಡು ಹೋಗುವುದು, ಆಳವಾಗಿದ್ದರೆ ಗಳುವಿಗೆ ತೂಗುಹಾಕಿ ಇಬ್ಬರು ಹೆಗಲ ಮೇಲೆ ಹೊರುವುದು. ಇವರು ಕಾಲಾಳುಗಳು ಎಂಬುದನ್ನು ಓದುಗರು ಮರೆಯಬಾರದು. ಬೆನ್ನ ಮೇಲೆ ಗಂಟು ಹೊತ್ತು ದಿನವಿಡೀ ನಡೆಯುವುದು ಅವರ ಕಸುಬು. ದೂರದ ಸೈಕಲ್ ಪಯಣಕ್ಕೆ ನಡಿಗೆಯ ಅಭ್ಯಾಸವೇಕೆ ಎಂದು ಕೇಳತಕ್ಕವರು ಸ್ಟೀವನ್ಸ್ ನಡೆದ ಮೈಲಿಗಳನ್ನು ನೆನೆಯಬೇಕು. ಕೆಟ್ಟ ದಾರಿಯಲ್ಲಿ ಸವಾರ ಸೈಕಲ್ಲಿಗೆ ಹೊರೆಯಾಗುತ್ತಾನೆ, ಸೈಕಲ್ ಸವಾರನಿಗೆ ಹೊರೆಯಾಗುತ್ತದೆ. ಆಗ ಕಾಯುವುದು ಕಾಲು.

ಎರಡನೆಯ ಪಾಠ ಆಗಸ್ಟ್ 6ರಂದು ಮೊದಲಾಯಿತು. ಕೋಟೆಯ ಉತ್ತರಕ್ಕೆ ಮಿಷನ್ ಬೆಟ್ಟಗಳ ಮಡಿಲಲ್ಲಿ ಮೆಕ್‌ಡೊನಾಲ್ಡ್ ಎಂಬ ಸರೋವರವಿದೆ. ಅಲ್ಲಿಗೆ ಹೋಗಿಬರಲು 126 ಮೈಲಿ. ಕವಾಯತಿನಲ್ಲಿ ಸಲೀಸಾಗಿ ಓಡಿದ ಸೈಕಲ್ಲುಗಳು, ಅಡಿಗೆಯ ಪಾತ್ರೆ, ಗುಡಾರ, ಕಂಬಳಿ, ಆಹಾರ ಹೇರಿಕೊಂಡು ಹೊರಟ ಕೂಡಲೇ ಬೇರೆ ಪ್ರಾಣಿಗಳೇ ಆದವು. ಕ್ಯಾರಿಯರಿನ ಮೇಲೆ ಅಕ್ಕಿ ಮೂಟೆ ಕಟ್ಟಿಕೊಂಡು ಸಂತೆಯಿಂದ ಮನೆಗೆ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಸುರಿಯಿತು, ಎದುರುಗಾಳಿ ಬೀಸಿತು, ದಾರಿ ಕೆಸರಾಯಿತು. ಟೈರು ಪಂಕ್ಚರಾದವು, ಪೆಡಲು ಮುರಿದವು, ರಿಮ್ಮುಗಳು ಸಡಿಲಗೊಂಡವು, ಚೈನುಗಳು ಕಳಚಿಹೋದವು. ಆ ಚಿಕ್ಕ ಸುತ್ತಿನಲ್ಲಿ ಸೈಕಲ್ಲಿಗೆ ಬರಬಹುದಾದ ರೋಗವೆಲ್ಲ ಬಂತು.

ಮೇಲುನೋಟಕ್ಕೆ ಇದು ಸೋಲು. ನನಗೆ ಹಾಗೆ ಕಾಣುವುದಿಲ್ಲ. ಮನೆಯಿಂದ 60 ಮೈಲಿ ದೂರದಲ್ಲಿ ಮುರಿದ ಪೆಡಲು, 600 ಮೈಲಿ ದೂರದಲ್ಲಿ ಮುರಿಯಬಹುದಾಗಿದ್ದ ಪೆಡಲಿನ ಮುನ್ನೆಚ್ಚರಿಕೆ. ಯಾವ ಭಾಗಗಳನ್ನು ಜೊತೆಗೆ ಒಯ್ಯಬೇಕು, ಯಾವುದು ಒಯ್ದೂ ಪ್ರಯೋಜನವಿಲ್ಲ, ಗಂಟು ಎಲ್ಲಿ ಕಟ್ಟಿದರೆ ಸೈಕಲ್ ತೂಗಾಡುವುದಿಲ್ಲ ಎಂಬುದು ಯಾವ ಕಂಪನಿಯ ಕ್ಯಾಟಲಾಗಿನಲ್ಲಿಯೂ ಅಚ್ಚಾಗಿರುವುದಿಲ್ಲ. ಅದನ್ನು ಕೆಸರೇ ಹೇಳಿಕೊಡಬೇಕು.

ಹಿಂದಿರುಗಿ ಒಂದು ವಾರವೂ ಆಗಿರಲಿಲ್ಲ. ಆಗಸ್ಟ್ 15ರಂದು ಅದೇ ತಂಡ ಮೂರನೆಯ ಪಾಠಕ್ಕೆ ಹೊರಟಿತು. ಈ ಸಲ ಗುರಿ ಯೆಲ್ಲೊಸ್ಟೋನ್. 1872ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಗೊತ್ತುಮಾಡಿದ ಆ ಬಿಸಿನೀರ ಬುಗ್ಗೆಗಳ ಸೀಮೆಗೆ ಹೋಗಿ, ಒಳಗೆ ಸುತ್ತಾಡಿ, ಮರಳಿ ಬರುವಷ್ಟರಲ್ಲಿ ಸುಮಾರು 800 ಮೈಲಿ. ನೀರು ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಹರಿದು ಬೇರೆಯಾಗುವ ಖಂಡದ ಬೆನ್ನೆಲುಬಿನಂಥ ಬೆಟ್ಟಸಾಲನ್ನು ದಾಟಬೇಕು. 23ರಂದು ಅವರು ಯೆಲ್ಲೊಸ್ಟೋನ್ ಕೋಟೆ ಮುಟ್ಟಿದರು. ಸೆಪ್ಟೆಂಬರ್ 8ರಂದು ಮಿಸೂಲಕ್ಕೆ ಹಿಂದಿರುಗಿದರು. ಅಲ್ಲಿ ತೆಗೆದ ಛಾಯಾಚಿತ್ರವೊಂದು ಇಂದಿಗೂ ಹೆಸರಾಗಿದೆ. ಬಿಸಿನೀರು ಹರಿದು ಸುಣ್ಣಗಟ್ಟಿದ ಬಿಳಿಯ ಮೆಟ್ಟಿಲುಗಳ ಮೇಲೆ, ಸಮವಸ್ತ್ರ ತೊಟ್ಟ ಎಂಟು ಜನ ಸಿಪಾಯಿಗಳು ಸೈಕಲ್ ಹಿಡಿದು ನಿಂತಿದ್ದಾರೆ. ಚಿತ್ರವನ್ನು ನೋಡುವಾಗಲೆಲ್ಲ ನನ್ನ ಕಣ್ಣು ಹೋಗುವುದು ಸೈಕಲ್ಲುಗಳ ಕಡೆಗೆ: ಹ್ಯಾಂಡಲಿನ ಮುಂದೆ ಸುರುಳಿ ಸುತ್ತಿದ ಹಾಸಿಗೆ, ಫ್ರೇಮಿನ ನಡುವೆ ಬುತ್ತಿಯ ಪೆಟ್ಟಿಗೆ. ಮೂರು ವಾರಗಳ ಹಿಂದೆ ಕೆಸರಿನಲ್ಲಿ ಕಲಿತ ಪಾಠ ಅಲ್ಲಿ ಅಚ್ಚುಕಟ್ಟಾಗಿ ಕಟ್ಟಿಕೊಂಡು ಕುಳಿತಿದೆ.

ಮುಂದಿನ ವರ್ಷದ ಸಿದ್ಧತೆಯಲ್ಲಿ ಈ ಮೂರು ಪಾಠಗಳ ಗುರುತು ಅಚ್ಚೊತ್ತಿದೆ. ಆ ಕಾಲದ ಸಾಮಾನ್ಯ ಸೈಕಲ್ಲುಗಳಿಗೆ ಮರದ ರಿಮ್ ಹಾಕುವುದು ವಾಡಿಕೆಯಾಗಿತ್ತು. 1897ರಲ್ಲಿ ಈ ದಳಕ್ಕೆ ಬಂದ ಸೈಕಲ್ಲುಗಳಿಗೆ ಉಕ್ಕಿನ ರಿಮ್ ಹಾಕಿಸಲಾಯಿತು. ಮುಂಭಾಗದ ಫೋರ್ಕನ್ನು ಬಲಪಡಿಸಲಾಯಿತು. ಚೈನಿಗೆ ಕೆಸರು ಮೆತ್ತದಂತೆ ಕವಚ ಬಂತು. ಬರಿಯ ಸೈಕಲ್ಲಿನ ತೂಕ 32 ಪೌಂಡ್, ಹೇರು ಹೊತ್ತ ಸೈಕಲ್ಲಿನ ತೂಕ ಸರಾಸರಿ 59 ಪೌಂಡ್. ಅಂದರೆ ಹೇರಿಗೆ 27 ಪೌಂಡಷ್ಟೆ: ಕಂಬಳಿ, ಗುಡಾರದ ಅರ್ಧ ಭಾಗ, ಒಂದು ಜೊತೆ ಒಳ ಉಡುಪು, ಕಾಲುಚೀಲ, ಹಲ್ಲುಜ್ಜುವ ಬ್ರಷ್, ಎರಡು ದಿನದ ಆಹಾರ. ಒಬ್ಬೊಬ್ಬನಲ್ಲಿ ಅರ್ಧ ಗುಡಾರವಿದ್ದುದರಿಂದ ರಾತ್ರಿ ಇಬ್ಬರು ಕೂಡಿದರೆ ಒಂದು ಮನೆ. ಇದರ ಮೇಲೆ 10 ಪೌಂಡಿನ ಬಂದೂಕು, 50 ತೋಟಾ. ಉಳಿದ ಆಹಾರವನ್ನು ಮುಂದಾಗಿಯೇ ರೈಲಿನಲ್ಲಿ ಕಳಿಸಿ ಸುಮಾರು ನೂರು ನೂರು ಮೈಲಿಗೊಂದು ನಿಲ್ದಾಣದಲ್ಲಿ ಸಿಗುವಂತೆ ಏರ್ಪಾಡಾಯಿತು. ಏನು ಒಯ್ಯಬೇಕೆಂದು ಕಲಿಯುವುದಕ್ಕಿಂತ ಏನು ಬಿಡಬೇಕೆಂದು ಕಲಿಯುವುದು ಕಷ್ಟ. ಅದಕ್ಕೆ ಯೆಲ್ಲೊಸ್ಟೋನ್ ಬೇಕಾಯಿತು.

ಈ ಸಲ ಬರಲು ಮುಂದಾದವರು ನಲವತ್ತು ಮಂದಿ, ಆರಿಸಿದ್ದು ಇಪ್ಪತ್ತು. ಹಿಂದಿನ ವರ್ಷದ ಕೆಲವರು, ಫಿಂಡ್ಲಿ ಸಹಿತ, ಅವರಲ್ಲಿದ್ದರು. ಎಲ್ಲರಿಗೂ ಹಿರಿಯ, 39 ವರ್ಷದ ಸಾರ್ಜೆಂಟ್ ಮಿಂಗೊ ಸ್ಯಾಂಡರ್ಸ್. ದಕ್ಷಿಣ ಕ್ಯಾರೊಲಿನದವನು, 1881ರಿಂದ ಸೈನ್ಯದಲ್ಲಿದ್ದವನು, ಒಂದು ಕಣ್ಣಿನ ದೃಷ್ಟಿ ಮಂಕಾಗಿದ್ದವನು. ಜೊತೆಗೆ ವೈದ್ಯನೊಬ್ಬ, ಸ್ಥಳೀಯ ಪತ್ರಿಕೆಯ ತರುಣ ವರದಿಗಾರನೊಬ್ಬ.

1897ರ ಜೂನ್ 14ರ ಬೆಳಿಗ್ಗೆ ಮಿಸೂಲದಿಂದ ಹೊರಟ ಈ ದಳ ಮೊಂಟಾನ, ವಯೋಮಿಂಗ್, ದಕ್ಷಿಣ ಡಕೋಟದ ಅಂಚು, ನೆಬ್ರಾಸ್ಕ, ಮಿಸೂರಿಗಳನ್ನು ಹಾದು ಜುಲೈ 24ರಂದು ಸೇಂಟ್ ಲೂಯಿಸ್ ನಗರವನ್ನು ಸೇರಿತು. ದೂರ 1,900 ಮೈಲಿ. ಒಟ್ಟು 41 ದಿನ. ತಂಗಿದ ದಿನಗಳನ್ನು ಕಳೆದರೆ ಪಯಣದ ದಿನ 34. ದಿನಕ್ಕೆ ಸರಾಸರಿ ಸುಮಾರು 56 ಮೈಲಿ, ಗಂಟೆಗೆ ಆರು ಮೈಲಿಗಿಂತ ಸ್ವಲ್ಪ ಹೆಚ್ಚು. ಅಂಕಿಗಳನ್ನು ನೋಡಿ ಇದೇನು ಮಹಾ ವೇಗ ಎನ್ನುವವರಿದ್ದಾರು. ಆದರೆ ದಾರಿಯನ್ನು ನೋಡಬೇಕು. ಹೊರಟ ಮೊದಲ ದಿನಗಳಲ್ಲೇ ಮಳೆ. ಬೆಟ್ಟದ ನೆತ್ತಿಯ ಮೇಲೆ, ಜೂನ್ ತಿಂಗಳಿನಲ್ಲಿ, ಹಿಮ. ಮುಂದೆ ಆ ಸೀಮೆಯ ಜನ ಗಂಬೊ ಎಂದು ಕರೆಯುವ ಅಂಟುಮಣ್ಣು. ಅದು ಗಾಲಿಗೂ ಫೋರ್ಕಿಗೂ ನಡುವೆ ಮೆತ್ತಿಕೊಂಡಿತೆಂದರೆ ಗಾಲಿ ಉರುಳದು. ಇಳಿದು, ಕೆರೆದು, ನಾಲ್ಕು ಮಾರು ಹೋಗಿ ಮತ್ತೆ ಇಳಿಯಬೇಕು. ದಾರಿ ಕೈಕೊಟ್ಟ ಕಡೆ ರೈಲುಹಳಿಯ ನಡುವೆ, ಮರದ ತೊಲೆಗಳ ಮೇಲೆ ಗಡಗಡ ನಡುಗುತ್ತ ಸಾಗಬೇಕು.

ಇಷ್ಟಕ್ಕೆಲ್ಲ ಅವರು ಸಿದ್ಧರಾಗಿದ್ದರು. ಮೆಕ್‌ಡೊನಾಲ್ಡ್ ಸರೋವರದ ದಾರಿಯ ಕೆಸರು, ಯೆಲ್ಲೊಸ್ಟೋನಿನ ದಾರಿಯ ಏರು ಇವರಿಗೆ ಹಳೆಯ ಪರಿಚಯ. ಅಭ್ಯಾಸ ಕಲಿಸದೆ ಇದ್ದದ್ದು ನೆಬ್ರಾಸ್ಕದ ಮರಳುದಿಬ್ಬಗಳಲ್ಲಿ ಎದುರಾಯಿತು. ಮೊಂಟಾನದ ಬೆಟ್ಟಗಳಲ್ಲಿ ತಣ್ಣನೆಯ ತೊರೆಗಳಿಗೆ ಬರವಿಲ್ಲ. ಇಲ್ಲಿ ಸಿಕ್ಕ ನೀರು ಕ್ಷಾರ ಬೆರೆತದ್ದು, ಕುಡಿದವರ ಹೊಟ್ಟೆ ಕೆಡಿಸುವಂಥದು. ಬಿಸಿಲು 110 ಡಿಗ್ರಿ ಫಾರೆನ್‌ಹೀಟ್ ಮುಟ್ಟಿತು. ಗಾಲಿ ಮರಳಿನಲ್ಲಿ ಹೂತಿತು. ಸುಮಾರು 170 ಮೈಲಿಯ ಆ ಭಾಗಕ್ಕೆ ನಾಲ್ಕೂವರೆ ದಿನ ಹಿಡಿಯಿತು. ಸವಾರಿಯೆಂಬುದು ಹೆಸರಿಗಷ್ಟೆ, ಬಹುಪಾಲು ನಡಿಗೆ, ತಳ್ಳುವಿಕೆ. ಅಲ್ಲಿ ಅವರನ್ನು ದಾಟಿಸಿದ್ದು ಸೈಕಲ್ಲಿನ ಅಭ್ಯಾಸವಲ್ಲ. ವರ್ಷಾನುಗಟ್ಟಲೆ ಮಾಡಿದ ಕಾಲಾಳಿನ ನಡಿಗೆಯ ಅಭ್ಯಾಸ ಎಂದು ನಾನು ನಂಬಿದ್ದೇನೆ. ಕೆಲವು ಕಷ್ಟಗಳಿಗೆ ಪೂರ್ವಾಭ್ಯಾಸ ಸಾಧ್ಯವಿಲ್ಲ. ಆದರೆ ಒಂದು ಬಗೆಯ ಕಷ್ಟಕ್ಕೆ ಒಗ್ಗಿದ ಮೈ ಇನ್ನೊಂದು ಬಗೆಯದನ್ನು ಕಂಡು ಕೂಡಲೇ ಕೈಚೆಲ್ಲುವುದಿಲ್ಲ.

ಸೇಂಟ್ ಲೂಯಿಸಿನ ಹೊರಗೆ ಆ ನಗರದ ಸೈಕಲ್ ಸವಾರರು ನೂರಾರು ಮಂದಿ ಇವರನ್ನು ಎದುರುಗೊಂಡರು. ಫಾರೆಸ್ಟ್ ಪಾರ್ಕಿನ ಬೀಡನ್ನು ನೋಡಲು ಹತ್ತು ಸಾವಿರ ಜನ ಬಂದರು. ಕಾಲಾಳು ಅಥವಾ ಕುದುರೆಯ ದಂಡಿಗೆ ಹಿಡಿಯುವ ಕಾಲದ ಅರ್ಧದಲ್ಲಿ, ಮೂರನೆಯ ಒಂದು ಪಾಲು ಖರ್ಚಿನಲ್ಲಿ ಈ ದೂರ ಕ್ರಮಿಸಿದೆವು ಎಂದು ಮಾಸ್ ಲೆಕ್ಕ ಒಪ್ಪಿಸಿದ. ಆಮೇಲೆ ಎಲ್ಲರೂ ರೈಲು ಹತ್ತಿ ಮಿಸೂಲಕ್ಕೆ ಹಿಂದಿರುಗಿದರು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಮಾಸ್ 1898ರಲ್ಲಿ ಸಾನ್‌ಫ್ರಾನ್ಸಿಸ್ಕೋವರೆಗೆ ಇನ್ನೊಂದು ಪಯಣಕ್ಕೆ ಅಪ್ಪಣೆ ಬೇಡಿದ, ಅದು ಕೈಗೂಡಲಿಲ್ಲ. ಆ ವರ್ಷವೇ ಸ್ಪೇನಿನೊಡನೆ ಯುದ್ಧ ಬಂತು. 25ನೆಯ ಪಟಾಲಮು ಏಪ್ರಿಲ್‌ನಲ್ಲಿ ಮಿಸೂಲವನ್ನು ಬಿಟ್ಟು ಕ್ಯೂಬದ ಕಡೆಗೆ ನಡೆಯಿತು; ಸೈಕಲ್ ದಳ ಅಲ್ಲಿಗೆ ಮುಗಿಯಿತು. ಜುಲೈ 1ರಂದು ಎಲ್ ಕೇನೀ ಕಾಳಗದಲ್ಲಿ ಈ ಸಿಪಾಯಿಗಳು ಹೋರಾಡಿದರು. ಅದರ ಹಿಂದೆಯೇ ಮೋಟಾರುಗಳ ಕಾಲ ಬಂದುದರಿಂದ, ಸೈಕಲ್ಲಿನ ಮೇಲೆ ದಂಡು ಸಾಗಿಸುವ ಮಾತು ಅಮೆರಿಕದಲ್ಲಿ ಮತ್ತೆ ದೊಡ್ಡದಾಗಿ ಏಳಲಿಲ್ಲ. ಆ ಮಾತಿನಲ್ಲಿ ಹುರುಳಿತ್ತೆಂಬುದನ್ನು ತೋರಿಸಿದವರು ಬೇರೆಯವರು: 1941–42ರಲ್ಲಿ ಜಪಾನೀ ಸೈನ್ಯ ಸೈಕಲ್ಲುಗಳ ಮೇಲೆಯೇ ಮಲಯದುದ್ದಕ್ಕೂ ಇಳಿದು ಸಿಂಗಪುರದ ಬಾಗಿಲು ತಟ್ಟಿತು.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಮಿಂಗೊ ಸ್ಯಾಂಡರ್ಸ್‌ನ ಕತೆ. 1906ರ ಆಗಸ್ಟ್‌ನಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಊರಿನಲ್ಲಿ ಒಂದು ರಾತ್ರಿ ಗುಂಡುಗಳು ಹಾರಿ ಒಬ್ಬ ಸತ್ತ. ಆಗ ಅಲ್ಲಿ ಬೀಡುಬಿಟ್ಟಿದ್ದ 25ನೆಯ ಪಟಾಲಮಿನವರ ಮೇಲೆ ಊರಿನವರು ದೂರು ಹೊರಿಸಿದರು. ನಮಗೆ ಏನೂ ಗೊತ್ತಿಲ್ಲ ಎಂದು ಸಿಪಾಯಿಗಳು ಹೇಳಿದರು. ಆ ಮಾತನ್ನೇ ಒಳಸಂಚೆಂದು ಎಣಿಸಿ, ಯಾವ ನ್ಯಾಯಾಲಯದ ವಿಚಾರಣೆಯೂ ಇಲ್ಲದೆ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ನವೆಂಬರ್‌ನಲ್ಲಿ 167 ಜನರನ್ನು ಸೈನ್ಯದಿಂದ ಹೊರಹಾಕಿದ. ಇಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟು ಸೇವೆ ಸಲ್ಲಿಸಿ ಪಿಂಚಣಿಯ ಹೊಸ್ತಿಲಲ್ಲಿದ್ದ ಸ್ಯಾಂಡರ್ಸ್ ಅವರಲ್ಲೊಬ್ಬ. ಕ್ಯೂಬದ ಯುದ್ಧದಲ್ಲಿ ಇದೇ ರೂಸ್‌ವೆಲ್ಟನ ದಂಡಿಗೆ ಹಸಿವಾದಾಗ ತನ್ನ ಕಂಪನಿಯ ಗಟ್ಟಿ ಬಿಸ್ಕತ್ತುಗಳನ್ನು ಹಂಚಿಕೊಟ್ಟುದನ್ನು ಆತ ನೆನಪಿಸುತ್ತಿದ್ದ. ಏನೂ ಫಲವಾಗಲಿಲ್ಲ. 1929ರಲ್ಲಿ ಆತ ತೀರಿಕೊಂಡ. ಆ ಸಿಪಾಯಿಗಳ ಮೇಲಿನ ಕಳಂಕವನ್ನು ಅಮೆರಿಕದ ಸೈನ್ಯ ತೊಡೆದುಹಾಕಿದ್ದು 1972ರಲ್ಲಿ, 66 ವರ್ಷಗಳ ಮೇಲೆ.

ಒಂಬತ್ತು ಅಡಿಯ ಬೇಲಿಯನ್ನು 20 ಸೆಕೆಂಡಿನಲ್ಲಿ ದಾಟಲು ಕಲಿತ ಜನ ಇವರು. ತಮಗೂ ತಮ್ಮ ದೇಶಕ್ಕೂ ನಡುವೆ ಇದ್ದ ಬೇಲಿಯನ್ನು ದಾಟುವ ಕವಾಯತು ಯಾವ ಕೋಟೆಯ ಮೈದಾನದಲ್ಲಿಯೂ ಇರಲಿಲ್ಲ. ಮೈ ದಣಿಸಿ, ಯಂತ್ರ ತಿದ್ದಿ, ಹೊರೆ ಇಳಿಸಿ, ಮನುಷ್ಯ ತನ್ನ ಕಡೆಯಿಂದ ಮಾಡಬಹುದಾದ ಸಿದ್ಧತೆಯನ್ನೆಲ್ಲ ಅವರು ಮಾಡಿಕೊಂಡಿದ್ದರು. ಉಳಿದದ್ದು ಎದುರಿಗಿದ್ದವರು ಮಾಡಿಕೊಳ್ಳಬೇಕಾಗಿದ್ದ ಸಿದ್ಧತೆ.

ಅವರ ಹೆಸರು ಪೂರ್ತಿ ಅಳಿಸಿಹೋಗಲಿಲ್ಲವೆಂಬುದೊಂದು ಸಮಾಧಾನ. 1974ರಲ್ಲಿ ಮೊಂಟಾನ ವಿಶ್ವವಿದ್ಯಾಲಯದ ಕಡೆಯ ಕೆಲವರು ಮಿಸೂಲದಿಂದ ಸೇಂಟ್ ಲೂಯಿಸಿಗೆ ಅದೇ ಜಾಡಿನಲ್ಲಿ ಸೈಕಲ್ ತುಳಿದರು. ಈಗಲೂ ದೂರದ ಸವಾರಿಗೆ ಹೊರಡತಕ್ಕ ತರುಣ ತರುಣಿಯರು ಬೆಳಗಿನ ಜಾವ ಗಂಟು ಹೊತ್ತು ಬೆಟ್ಟ ಹತ್ತಿ ಇಳಿಯುವುದನ್ನೂ, ಹೇರು ಕಟ್ಟಿದ ಸೈಕಲ್ಲನ್ನು ಊರ ಹೊರಗಿನ ಏರಿನಲ್ಲಿ ತುಳಿದು ನೋಡುವುದನ್ನೂ ಕಾಣುತ್ತೇವೆ. ನೋಡಿದವರು ನಗುತ್ತಾರೆ, ಇಲ್ಲಿಂದ ಇಲ್ಲಿಗೆ ಹೋಗಿಬರಲು ಇಷ್ಟು ಸಂಭ್ರಮವೆ ಎನ್ನುತ್ತಾರೆ. ನಗಲಿ. 126 ಮೈಲಿಯ ಸೋಲು ಕೈಯಲ್ಲಿದ್ದುದರಿಂದಲೇ ಆ ಇಪ್ಪತ್ತು ಮಂದಿಗೆ 1,900 ಮೈಲಿಯ ದಾರಿ ತೆರೆಯಿತು.